ನಿಮ್ಮ ಥ್ರಿಲ್ಲರ್ ಯಾರಿಗೆ? ವಿದ್ಯಾರ್ಥಿ ಸಿನಿಮಾ ತಂಡಗಳಿಗೆ ಪ್ರೇಕ್ಷಕರನ್ನು ಗುರುತಿಸುವ ಸಮಗ್ರ ಮಾರ್ಗದರ್ಶಿ

ಕಿರುಚಿತ್ರದ ಪ್ರಾಜೆಕ್ಟಿಗೆ ಪ್ರಸ್ತಾವನೆ ಬರೆಯುವಾಗ 'ಗುರಿ ಪ್ರೇಕ್ಷಕರು' ಅಂತ ಒಂದು ಕಾಲಂ ಬರುತ್ತದೆ. ಹೆಚ್ಚಿನ ತಂಡಗಳು ಅಲ್ಲಿ '18ರಿಂದ 30 ವಯಸ್ಸಿನ ಯುವಜನ' ಎಂದು ಬರೆದು ಮುಂದಿನ ಕಾಲಂಗೆ ಹೋಗಿಬಿಡುತ್ತವೆ. ಬೆಂಗಳೂರಿನಲ್ಲಿ ಆ ವಯಸ್ಸಿನವರು ಅಂದರೆ ಯಾರು? ಪೀಣ್ಯದ ಕಾರ್ಖಾನೆಯಲ್ಲಿ ಶಿಫ್ಟ್ ಮಾಡುವ ಐಟಿಐ ಹುಡುಗ. ಜಯನಗರದಲ್ಲಿ ಅಪ್ಪ ಅಮ್ಮನ ಜೊತೆ ಇದ್ದು ಸಿಎ ಓದುತ್ತಿರುವ ಹುಡುಗಿ. ಬೈಕಿನಲ್ಲಿ ಊಟ ತಲುಪಿಸುವವನು. ಮದುವೆಯಾಗಿ ಹೊಸದಾಗಿ ಕೆಂಗೇರಿಗೆ ಬಂದವಳು. ಇವರೆಲ್ಲರ ವಯಸ್ಸೂ ಒಂದೇ. ಆದರೆ ಇವರು ಹೆದರುವ ವಿಷಯಗಳು ಒಂದಲ್ಲ.

ಥ್ರಿಲ್ಲರಿನ ಮಟ್ಟಿಗೆ ಇದೇ ಮುಖ್ಯ. ಆದ್ದರಿಂದ ವಯಸ್ಸಿನಿಂದ ಶುರು ಮಾಡಬೇಡಿ, ಭಯದಿಂದ ಶುರು ಮಾಡಿ. ನಿಮ್ಮ ಕಥೆಯಲ್ಲಿರುವ ಭಯ ಯಾರದು ಅಂತ ಮೊದಲು ಕೇಳಿಕೊಳ್ಳಿ. ವಯಸ್ಸು, ಊರು, ಭಾಷೆ, ಕೆಲಸ ಎಲ್ಲ ಆ ಉತ್ತರದ ಹಿಂದೆಯೇ ಬರುತ್ತವೆ.

ಹಂತ 1: ಭಯವನ್ನು ಒಂದೇ ಸಾಲಿನಲ್ಲಿ ಬರೆಯಿರಿ

'ಇದು ನನಗೂ ಆಗಬಹುದು' ಅನ್ನಿಸಿದರೆ ನೋಡುವವರು ಉಸಿರು ಬಿಗಿಹಿಡಿದು ಕೂರುತ್ತಾರೆ. ಅನ್ನಿಸದಿದ್ದರೆ ಎಷ್ಟೇ ಜೋರಾಗಿ ಹಿನ್ನೆಲೆ ಸಂಗೀತ ಹಾಕಿದರೂ ಫೋನ್ ತೆಗೆಯುತ್ತಾರೆ. ಹಾಗಾಗಿ ಕಥೆಯ ಸಾರಾಂಶವನ್ನು ಪಕ್ಕಕ್ಕಿಟ್ಟು ಭಯವನ್ನಷ್ಟೇ ಬರೆಯಿರಿ. ಯಾರಿಗೆ, ಎಲ್ಲಿ, ಏನಾಗಿಬಿಡುತ್ತದೆ ಅನ್ನುವ ಭಯ?

ಈ ಬರಹದ ಉದ್ದಕ್ಕೂ ಒಂದು ಕಥೆಯನ್ನೇ ಇಟ್ಟುಕೊಳ್ಳೋಣ. ಹಾಸನದಿಂದ ಕೆಲಸಕ್ಕೆ ಬಂದ ಹುಡುಗಿ ವಿಜಯನಗರದ ಒಂದು ಪಿಜಿಯಲ್ಲಿದ್ದಾಳೆ. ದಿನಾ ಕೊನೇ ಮೆಟ್ರೋ ಹಿಡಿದು ಬರುತ್ತಾಳೆ. ಒಂದು ಬೆಳಿಗ್ಗೆ ಬಾಗಿಲ ಸಂದಿಯಲ್ಲಿ ಚೀಟಿ ಸಿಗುತ್ತದೆ. ಹಿಂದಿನ ರಾತ್ರಿ ರೂಮಿನಲ್ಲಿ ಒಬ್ಬಳೇ ಇದ್ದಾಗ ಅವಳು ಏನೇನು ಮಾಡಿದಳು ಅನ್ನೋದೆಲ್ಲ ಅದರಲ್ಲಿದೆ. ಒಟ್ಟು 12 ನಿಮಿಷದ ಸಿನಿಮಾ.

ತಂಡದವರು ಮೊದಲು ಬರೆಯುವ ಸಾಲು ಸಾಮಾನ್ಯವಾಗಿ ಹೀಗಿರುತ್ತದೆ: 'ರಾತ್ರಿ ಹೊತ್ತು ಒಬ್ಬಳೇ ಓಡಾಡುವ ಹುಡುಗಿಯ ಭಯ.' ಸ್ವಲ್ಪ ಯೋಚಿಸಿ. ಚೀಟಿ ಸಿಗುವುದು ರಸ್ತೆಯಲ್ಲಿ ಅಲ್ಲವಲ್ಲ. ನಿಜವಾದ ಸಾಲು ಇದು: 'ಬಾಡಿಗೆ ಕೊಟ್ಟು ಇರುವ ರೂಮಿನಲ್ಲಿ, ಚಿಲಕ ಹಾಕಿಕೊಂಡ ಮೇಲೂ, ಯಾರೋ ನನ್ನನ್ನು ನೋಡುತ್ತಿದ್ದಾರೆ.'

ಈ ಸಾಲು ಬಂದ ಕೂಡಲೇ ಎರಡು ವಿಷಯ ಸ್ಪಷ್ಟವಾಗುತ್ತವೆ. ಮೆಟ್ರೋದಿಂದ ಪಿಜಿವರೆಗೆ ನಡೆದು ಬರುವ ಎರಡು ನಿಮಿಷದ ದೃಶ್ಯ ಬೇರೊಂದು ಸಿನಿಮಾಕ್ಕೆ ಸೇರಿದ್ದು. ಎರಡನೆಯದು, ಇದರ ಪ್ರೇಕ್ಷಕರು ರಾತ್ರಿ ಓಡಾಡುವವರಲ್ಲ. ತಮ್ಮ ರೂಮಿನ ಇನ್ನೊಂದು ಕೀಲಿ ಬೇರೆಯವರ ಹತ್ತಿರ ಇರುವವರು. ಪಿಜಿ, ಹಾಸ್ಟೆಲ್, ಮಹಡಿ ಮೇಲಿನ ಬಾಡಿಗೆ ರೂಮಿನವರು. ಅದರಲ್ಲಿ ಹುಡುಗರೂ ಬರುತ್ತಾರೆ.

2016ರ ಕನ್ನಡ ಸಿನಿಮಾ 'ಯೂ ಟರ್ನ್' ನೆನಪಿಸಿಕೊಳ್ಳಿ. ಡಬಲ್ ರೋಡ್ ಫ್ಲೈಓವರಿನಲ್ಲಿ ಡಿವೈಡರ್ ಕಲ್ಲು ಸರಿಸಿ ಗಾಡಿ ತಿರುಗಿಸಿಕೊಂಡು ಹೋಗುವವರ ಸುತ್ತ ಹೆಣೆದ ಕಥೆ ಅದು. ಈ ಊರಿನಲ್ಲಿ ಗಾಡಿ ಓಡಿಸುವ ಯಾರಿಗೂ ಆ ಎಳೆಯನ್ನು ಬಿಡಿಸಿ ಹೇಳಬೇಕಾಗಿಲ್ಲ. ಭಯ ಇಷ್ಟು ನಿಖರವಾಗಿದ್ದರೆ ಪ್ರೇಕ್ಷಕರು ಯಾರು ಅನ್ನೋದು ಅದರೊಳಗೇ ಇರುತ್ತದೆ.

ಹಂತ 2: ಯಾವ ಬಗೆಯ ಥ್ರಿಲ್ಲರ್ ಅಂತ ಗಟ್ಟಿ ಮಾಡಿಕೊಳ್ಳಿ

ಥ್ರಿಲ್ಲರ್ ನೋಡುವವರೆಲ್ಲ ಒಂದೇ ಕಾರಣಕ್ಕೆ ನೋಡುವುದಿಲ್ಲ. ಪತ್ತೇದಾರಿ ಕಥೆ ಇಷ್ಟಪಡುವವರು ನಿರ್ದೇಶಕರ ಜೊತೆ ಪಂದ್ಯಕ್ಕೆ ಕೂತಿರುತ್ತಾರೆ. ಕೊಲೆಗಾರನನ್ನು ನಿಮಗಿಂತ ಮೊದಲೇ ಹಿಡಿಯಬೇಕು ಅನ್ನುವ ಹಟ ಅವರದು. ಸುಳಿವುಗಳನ್ನು ನ್ಯಾಯವಾಗಿ ಕೊಡದೆ ಕೊನೆಯಲ್ಲಿ ಹೊಸಬನನ್ನು ತಂದು ನಿಲ್ಲಿಸಿದರೆ ಸಿಟ್ಟಾಗುತ್ತಾರೆ. ನಮ್ಮಲ್ಲಿ ಈ ಗುಂಪಿಗೆ ವಯಸ್ಸಿನ ಮಿತಿ ಇಲ್ಲ. ಎನ್. ನರಸಿಂಹಯ್ಯನವರ ಪತ್ತೇದಾರಿ ಕಾದಂಬರಿಗಳನ್ನು ಬಾಡಿಗೆಗೆ ತಂದು ಓದಿದ ಅಜ್ಜಂದಿರೂ ಇದರಲ್ಲಿದ್ದಾರೆ. ಅವರನ್ನು 'ಹಳಬರು' ಅಂತ ಬಿಟ್ಟುಬಿಡುವುದು ದೊಡ್ಡ ನಷ್ಟ.

ಮನಸ್ಸಿನೊಳಗಿನ ಗೊಂದಲವನ್ನು ತೋರಿಸುವ ಸೈಕಲಾಜಿಕಲ್ ಥ್ರಿಲ್ಲರ್ ನೋಡುವವರು ಕೊನೆ ಅರ್ಧಂಬರ್ಧ ಇದ್ದರೂ ಸಹಿಸುತ್ತಾರೆ. ಅದರ ಬಗ್ಗೆ ಆಮೇಲೆ ಮಾತಾಡುವುದೇ ಅವರಿಗೆ ಖುಷಿ. ದೆವ್ವದ ಕಥೆ ನೋಡುವವರು ಗುಂಪಾಗಿ ನೋಡುತ್ತಾರೆ, ಒಟ್ಟಿಗೆ ಬೆಚ್ಚಿಬೀಳಬೇಕು ಅವರಿಗೆ. ಪೊಲೀಸರ ಸೋಗು ಹಾಕಿ ವಿಡಿಯೋ ಕಾಲಿನಲ್ಲೇ ಹೆದರಿಸಿ ಹಣ ಕೀಳುವ 'ಡಿಜಿಟಲ್ ಅರೆಸ್ಟ್' ಥರದ ಮೋಸದ ಕಥೆ ಮಾಡಿದರೆ ವಯಸ್ಸಾದ ಅಪ್ಪ ಅಮ್ಮನನ್ನು ಮನೆಯಲ್ಲಿ ಬಿಟ್ಟು ದೂರದಲ್ಲಿರುವ ಮಕ್ಕಳು ಮೊದಲು ನೋಡುತ್ತಾರೆ.

ನಮ್ಮ ಪಿಜಿ ಕಥೆ ಯಾವ ಕಡೆ? ಚೀಟಿ ಬರೆದವರು ಯಾರು ಅನ್ನುವುದೇ ಮುಖ್ಯವಾದರೆ ಪತ್ತೇದಾರಿ. ಅವಳಿಗೆ ಯಾರನ್ನೂ ನಂಬಲಾಗುತ್ತಿಲ್ಲ ಅನ್ನುವುದು ಮುಖ್ಯವಾದರೆ ಸೈಕಲಾಜಿಕಲ್. ಎರಡನ್ನೂ 12 ನಿಮಿಷದಲ್ಲಿ ತುಂಬಲು ಹೋಗಬೇಡಿ. ನನ್ನನ್ನು ಕೇಳಿದರೆ ಎರಡನೆಯದು. ವಿದ್ಯಾರ್ಥಿ ತಂಡದ ಬಜೆಟ್ಟಿಗೂ ಅದೇ ಹೊಂದುತ್ತದೆ. ಒಂದು ರೂಮು, ಒಬ್ಬ ಒಳ್ಳೆಯ ನಟಿ, ಒಳ್ಳೆಯ ಧ್ವನಿ ಸಾಕು.

ಹಂತ 3: ಪ್ರೇಕ್ಷಕರ ಮೊದಲ ಸಾಲು, ಎರಡನೇ ಸಾಲು

ಮೊದಲ ಸಾಲಿನ ಪ್ರೇಕ್ಷಕರು ಈ ಭಯವನ್ನು ಸ್ವತಃ ಬಲ್ಲವರು: ಬೇರೆ ಊರಿನಿಂದ ಬೆಂಗಳೂರಿಗೆ ಓದಲು, ದುಡಿಯಲು ಬಂದು ಪಿಜಿಯಲ್ಲಿರುವ 19ರಿಂದ 26ರ ಹುಡುಗಿಯರು. ಎರಡನೇ ಸಾಲಿನವರು ಈ ಭಯವನ್ನು ಇನ್ನೊಬ್ಬರ ಪರವಾಗಿ ಅನುಭವಿಸುವವರು: ಹಾಸನ, ತುಮಕೂರು, ದಾವಣಗೆರೆಯಲ್ಲಿ ಕೂತು ರಾತ್ರಿ ಹತ್ತಕ್ಕೆ 'ರೂಮಿಗೆ ಬಂದೆಯಾ?' ಅಂತ ಫೋನ್ ಮಾಡುವ ಅಪ್ಪ ಅಮ್ಮ, ಅಣ್ಣ, ಅಕ್ಕ.

ಇಬ್ಬರಿಗೂ ಇಷ್ಟವಾಗಲಿ ಅಂತ ಆಸೆಪಡುವುದು ಸಹಜ. ಆದರೆ ಒಂದಲ್ಲ ಒಂದು ದೃಶ್ಯದಲ್ಲಿ ಇಬ್ಬರ ಆಸೆಯೂ ಎದುರುಬದುರು ನಿಲ್ಲುತ್ತದೆ. ಕೊನೆಗೆ ಹುಡುಗಿ ಕೆಲಸ ಬಿಟ್ಟು ಊರಿಗೆ ವಾಪಸ್ ಹೋದರೆ ಅಮ್ಮನಿಗೆ ಸಮಾಧಾನ. ಪಿಜಿಯಲ್ಲಿರುವ ಹುಡುಗಿಗೆ ಅದು ಸೋಲು. ತನ್ನ ಸ್ವಾತಂತ್ರ್ಯಕ್ಕೆ ಶಿಕ್ಷೆ ಕೊಟ್ಟ ಹಾಗೆ ಅನ್ನಿಸುತ್ತದೆ. ಇಂಥ ಕಡೆ ಮೊದಲ ಸಾಲಿನವರ ಮಾತೇ ನಡೆಯಬೇಕು. ಸಾಲುಗಳನ್ನು ವಿಂಗಡಿಸುವುದು ಅದಕ್ಕೇ.

ಯಾರು ನಿಮ್ಮ ಪ್ರೇಕ್ಷಕರಲ್ಲ ಅಂತಲೂ ಬರೆದಿಡಿ. ರಕ್ತ, ಹೊಡೆದಾಟ ಬಯಸುವವರು ಇಲ್ಲಿ ಇಲ್ಲ. ಚಿಕ್ಕ ಮಕ್ಕಳು ಇಲ್ಲ. ತಂಡದವರ ಗೆಳೆಯರು, ನೆಂಟರು ಹೇಗೂ ನೋಡುತ್ತಾರೆ, ಹೇಗೂ ಹೊಗಳುತ್ತಾರೆ. ಅವರನ್ನು ಲೆಕ್ಕಕ್ಕೆ ಹಿಡಿಯಬೇಡಿ.

ಹಂತ 4: ಹೋಗಿ ಮಾತಾಡಿಸಿ

ಇಲ್ಲಿ ಜಾಸ್ತಿ ಸಮಯ ಕೊಡಿ. ಉಳಿದ ಹಂತಗಳನ್ನು ಟೇಬಲ್ ಮುಂದೆ ಕೂತು ಮಾಡಬಹುದು, ಇದನ್ನು ಆಗುವುದಿಲ್ಲ.

ಗೂಗಲ್ ಫಾರ್ಮ್ ಮಾಡಿ ಕ್ಲಾಸಿನ ವಾಟ್ಸಾಪ್ ಗುಂಪಿಗೆ ಹಾಕಿದರೆ 50 ಉತ್ತರ ಒಂದೇ ಸಂಜೆಯಲ್ಲಿ ಬರುತ್ತದೆ. ಆದರೆ ಅದು ನಿಮ್ಮ ಕ್ಲಾಸಿನ ಅಭಿಪ್ರಾಯ, ಅಷ್ಟೇ. ಫಾರ್ಮ್ ಬೇಡ ಅಂತಲ್ಲ. 30 ಉತ್ತರಗಳಾದರೂ ಮೊದಲ ಸಾಲಿನವರಿಂದಲೇ ಬರುವ ಹಾಗೆ ನೋಡಿಕೊಳ್ಳಿ. ಅದರ ಜೊತೆಗೆ ಆರೇಳು ಜನರ ಹತ್ತಿರ ಎದುರುಬದುರು ಕೂತು ಅರ್ಧ ಗಂಟೆ ಮಾತಾಡಿ. ಸಿನಿಮಾಕ್ಕೆ ಬೇಕಾದ ವಿವರ ಸಿಗುವುದು ಈ ಮಾತುಕತೆಯಲ್ಲೇ.

'ನಿಮಗೆ ಥ್ರಿಲ್ಲರ್ ಇಷ್ಟವಾ?' ಅಂತ ಕೇಳಿದರೆ ಎಲ್ಲರೂ ಹೌದು ಅನ್ನುತ್ತಾರೆ. ಆ ಉತ್ತರದಿಂದ ಏನೂ ಗೊತ್ತಾಗುವುದಿಲ್ಲ. ಅಭಿಪ್ರಾಯ ಬಿಡಿ, ಮಾಡಿದ್ದನ್ನು ಕೇಳಿ:

– ಕೊನೆಯ ಸಲ ನೋಡಿದ ಥ್ರಿಲ್ಲರ್ ಯಾವುದು? ಎಲ್ಲಿ ನೋಡಿದಿರಿ, ಯಾರ ಜೊತೆ, ಎಷ್ಟು ಹೊತ್ತಿಗೆ?
– ಅರ್ಧಕ್ಕೆ ನಿಲ್ಲಿಸಿದ್ದು ಯಾವುದಾದರೂ ಇದೆಯಾ? ಯಾವ ಜಾಗದಲ್ಲಿ ನಿಲ್ಲಿಸಿದಿರಿ?
– ಆ ಸಿನಿಮಾ ನೋಡಬೇಕು ಅಂತ ನಿಮಗೆ ಅನ್ನಿಸಿದ್ದು ಹೇಗೆ? ಯಾರಾದರೂ ಹೇಳಿದರಾ, ರೀಲ್ಸ್‌ನಲ್ಲಿ ತುಣುಕು ಬಂತಾ?
– ನಿಮ್ಮ ರೂಮಿನಲ್ಲಿ ರಾತ್ರಿ ಯಾವ ಶಬ್ದ ಕೇಳಿದರೆ ಎದ್ದು ಕೂರುತ್ತೀರಿ?
– ಮಲಗುವ ಮುಂಚೆ ಏನೇನು ಪರೀಕ್ಷೆ ಮಾಡುತ್ತೀರಿ?

ಕೊನೆಯ ಎರಡು ಪ್ರಶ್ನೆಗಳು ನಮ್ಮ ಕಥೆಗೆ ಮಾತ್ರ. ನಿಮ್ಮ ಭಯದ ಸಾಲಿಗೆ ತಕ್ಕಂತೆ ಬೇರೆ ಎರಡು ಬರೆದುಕೊಳ್ಳಿ. ಯಾರೋ ಒಬ್ಬರು 'ಓನರ್ ಹತ್ರ ಇನ್ನೊಂದು ಕೀ ಇರುತ್ತಲ್ಲ, ಅದಕ್ಕೇ ಬಾಗಿಲಿಗೆ ಬಕೆಟ್ ಒರಗಿಸಿ ಮಲಗ್ತೀನಿ' ಅಂದರು ಅಂದುಕೊಳ್ಳಿ. ಆ ಬಕೆಟ್ ನೇರ ಸಿನಿಮಾದೊಳಗೆ ಬರಬೇಕು. ಪಿಜಿಯಲ್ಲಿದ್ದವರು ಅದನ್ನು ನೋಡಿದ ಕ್ಷಣ 'ಇದು ನಮ್ಮ ಕಥೆ' ಅಂತ ಗುರುತಿಸುತ್ತಾರೆ. ಸುಮ್ನೆ ಕೂತು ಇಂಥದ್ದನ್ನು ಊಹಿಸುವುದು ಕಷ್ಟ.

ಎಲ್ಲಿ ಹೋಗಬೇಕು? ಭಯ ಇರುವ ಕಡೆ. ವಿಜಯನಗರ, ಬಿಟಿಎಂ ಲೇಔಟ್, ಮಾರತಹಳ್ಳಿ ಕಡೆಯ ಪಿಜಿ ಬೀದಿಗಳಲ್ಲಿ ಸಂಜೆ ದರ್ಶಿನಿ ಮುಂದೆ ನಿಂತವರು ಮಾತಿಗೆ ಸಿಗುತ್ತಾರೆ. ಎರಡನೇ ಸಾಲಿನ ಹಿರಿಯರನ್ನು ಲಾಲ್‌ಬಾಗ್ ಅಥವಾ ಕಬ್ಬನ್ ಪಾರ್ಕಿನಲ್ಲಿ ಬೆಳಗಿನ ವಾಕಿಂಗ್ ಮುಗಿಸಿ ಬೆಂಚಿನ ಮೇಲೆ ಕೂತಾಗ ಮಾತಾಡಿಸಿ. 'ಅಂಕಲ್, ಕಾಲೇಜಿನ ಪ್ರಾಜೆಕ್ಟಿಗೆ, ಹತ್ತು ನಿಮಿಷ ಸಿಗುತ್ತಾ?' ಅಂದರೆ ಹೆಚ್ಚಿನವರು ಇಲ್ಲ ಅನ್ನುವುದಿಲ್ಲ.

ಇನ್ನು ಕೆಲವು ವಿಷಯಗಳಲ್ಲಿ ದಯವಿಟ್ಟು ರಾಜಿ ಮಾಡಿಕೊಳ್ಳಬೇಡಿ. ಹುಡುಗಿಯರ ಹತ್ತಿರ ಭಯದ ಬಗ್ಗೆ ಕೇಳಲು ತಂಡದ ಹುಡುಗಿಯರೇ ಹೋಗಲಿ, ಇಬ್ಬರಾಗಿ ಹೋಗಲಿ. ಹೆಸರು, ಫೋನ್ ನಂಬರ್, ಪಿಜಿಯ ವಿಳಾಸ ಬರೆದುಕೊಳ್ಳಬೇಡಿ. ವಯಸ್ಸು, ಊರು, ಕೆಲಸ ಸಾಕು. 2023ರ ಡಿಜಿಟಲ್ ವೈಯಕ್ತಿಕ ದತ್ತಾಂಶ ಸಂರಕ್ಷಣಾ ಕಾಯ್ದೆ 18 ತುಂಬದವರನ್ನು ಮಕ್ಕಳೆಂದೇ ಪರಿಗಣಿಸುತ್ತದೆ. ಪಿಯುಸಿ ವಿದ್ಯಾರ್ಥಿಗಳನ್ನು ಕೇಳುವುದಾದರೆ ಮನೆಯವರ ಒಪ್ಪಿಗೆ ಪಡೆಯಿರಿ. ಮಾತಾಡುತ್ತಾ ಯಾರಾದರೂ ತಮಗೆ ನಿಜವಾಗಿ ಆದದ್ದನ್ನು ಹೇಳಿಬಿಡಬಹುದು. ಆಗ ಪೆನ್ ಕೆಳಗಿಟ್ಟು ಕೇಳಿಸಿಕೊಳ್ಳಿ. ಅವರು ಸ್ಪಷ್ಟವಾಗಿ ಒಪ್ಪದೆ ಅದರ ಒಂದು ಎಳೆಯನ್ನೂ ಸಿನಿಮಾದಲ್ಲಿ ಬಳಸಬಾರದು.

ಹಂತ 5: ಗುಂಪನ್ನು ಒಬ್ಬ ವ್ಯಕ್ತಿಯನ್ನಾಗಿ ಮಾಡಿ

ಸಿಕ್ಕಿದ್ದನ್ನೆಲ್ಲ ಸೇರಿಸಿ ಒಬ್ಬರ ಚಿತ್ರ ಬರೆಯಿರಿ. ವಯಸ್ಸು 22, ಊರು ಚನ್ನರಾಯಪಟ್ಟಣ, ಬಿಕಾಂ ಮುಗಿಸಿ ಮೊದಲ ಕೆಲಸ. ಮೂವರು ಹಂಚಿಕೊಂಡ ರೂಮು. ರಾತ್ರಿ ಹನ್ನೊಂದಕ್ಕೆ ಇಯರ್‌ಫೋನ್ ಹಾಕಿಕೊಂಡು ಫೋನಿನಲ್ಲಿ ನೋಡುತ್ತಾಳೆ, ಯಾಕಂದರೆ ಪಕ್ಕದವಳು ಮಲಗಿದ್ದಾಳೆ. ಶನಿವಾರ ಮೂವರೂ ಒಂದೇ ಲ್ಯಾಪ್‌ಟಾಪ್ ಮುಂದೆ ಕೂರುತ್ತಾರೆ. ಹೆಸರು ನೀವೇ ಇಡಿ. ಸ್ಕ್ರಿಪ್ಟ್ ಚರ್ಚೆಯಲ್ಲಿ ಜಗಳ ಬಂದಾಗ 'ಅವಳಿಗೆ ಇದು ಅರ್ಥವಾಗುತ್ತಾ?' ಅಂತ ಕೇಳಿದರೆ ಬೇಗ ಬಗೆಹರಿಯುತ್ತದೆ.

ಮೀಡಿಯಾ ಓದುವವರಿಗೆ ಇಲ್ಲೊಂದು ಸಿದ್ಧಾಂತ ಕೈಹಿಡಿಯುತ್ತದೆ: 'ಯೂಸಸ್ ಅಂಡ್ ಗ್ರ್ಯಾಟಿಫಿಕೇಶನ್ಸ್'. 1974ರಲ್ಲಿ ಬ್ಲಮ್ಲರ್ ಮತ್ತು ಕಾಟ್ಜ್ ಸಂಪಾದಿಸಿದ ಪುಸ್ತಕದಿಂದ ಹೆಸರಾದ ವಾದ ಅದು. ಜನ ಮಾಧ್ಯಮವನ್ನು ತಮ್ಮ ಅಗತ್ಯಕ್ಕೆ ತಕ್ಕಂತೆ ತಾವೇ ಆರಿಸಿಕೊಳ್ಳುತ್ತಾರೆ ಅನ್ನುತ್ತದೆ. ಸುತ್ತಮುತ್ತಲಿನ ಬಗ್ಗೆ ತಿಳಿಯಲು, ತಮ್ಮನ್ನು ತಾವು ಕಂಡುಕೊಳ್ಳಲು, ಇನ್ನೊಬ್ಬರ ಜೊತೆ ಹಂಚಿಕೊಳ್ಳಲು, ದಿನದ ಜಂಜಾಟ ಮರೆಯಲು. ನಮ್ಮ ಹುಡುಗಿಗೆ ಎರಡನೆಯದೂ ಮೂರನೆಯದೂ ಮುಖ್ಯ. ವರದಿಯಲ್ಲಿ ನಾಲ್ಕನ್ನೂ ಪಟ್ಟಿ ಮಾಡಿ ಮುಗಿಸಬೇಡಿ. ಯಾವುದು, ಯಾಕೆ ಅಂತ ನಿಮ್ಮ ಮಾತುಕತೆಯಿಂದಲೇ ಉದಾಹರಣೆ ಕೊಡಿ.

ಹಂತ 6: ವಯಸ್ಸಿನ ಮಿತಿ

ಥಿಯೇಟರಿನಲ್ಲಿ ಸಾರ್ವಜನಿಕವಾಗಿ ತೋರಿಸುವ ಸಿನಿಮಾಕ್ಕೆ ಸೆನ್ಸಾರ್ ಸರ್ಟಿಫಿಕೇಟ್ ಬೇಕು. ಯೂಟ್ಯೂಬಿಗೆ ಹಾಕಲು ಬೇಕಿಲ್ಲ. ಆದರೂ ಆ ವರ್ಗಗಳನ್ನು ಅಳತೆಗೋಲಾಗಿ ಬಳಸಿ. 2024ರ ಹೊಸ ನಿಯಮಗಳ ಪ್ರಕಾರ ಯು/ಎ (ಹೆತ್ತವರ ಮಾರ್ಗದರ್ಶನದಲ್ಲಿ ಮಕ್ಕಳೂ ನೋಡಬಹುದಾದ ವರ್ಗ) ಈಗ 7+, 13+, 16+ ಅಂತ ಮೂರು ಭಾಗವಾಗಿದೆ. ಅದರ ಆಚೀಚೆ ಎಲ್ಲರಿಗೂ ಯು, ವಯಸ್ಕರಿಗೆ ಎ. ನಮ್ಮ ಕಥೆಯಲ್ಲಿ ರಕ್ತವಿಲ್ಲ, ಆದರೆ ಹಿಂಬಾಲಿಸುವ, ಕದ್ದು ನೋಡುವ ಆತಂಕವಿದೆ. 16+ ಅಂತ ಇಟ್ಟುಕೊಂಡು ಬರೆಯುವುದು ಕ್ಷೇಮ.

ಇನ್ನೊಂದು ಲೆಕ್ಕವೂ ಇದೆ. ಹಿಂಸೆ ಜಾಸ್ತಿಯಾಗಿ ಯೂಟ್ಯೂಬ್ ವಯಸ್ಸಿನ ನಿರ್ಬಂಧ ಹಾಕಿದರೆ, 18 ತುಂಬದವರಿಗೂ ಲಾಗಿನ್ ಆಗದವರಿಗೂ ಸಿನಿಮಾ ಕಾಣುವುದಿಲ್ಲ. ವಾಟ್ಸಾಪಿನಲ್ಲಿ ಬಂದ ಲಿಂಕ್ ಒತ್ತಿದ ಅಮ್ಮನಿಗೆ ಸಿನಿಮಾದ ಬದಲು ಎಚ್ಚರಿಕೆಯ ಪರದೆ ಕಾಣಬಹುದು. ಒಂದು ರಕ್ತದ ಶಾಟ್‌ಗಾಗಿ ಎರಡನೇ ಸಾಲನ್ನು ಕಳೆದುಕೊಳ್ಳಬೇಕಾ ಅಂತ ಮೊದಲೇ ಯೋಚಿಸಿ.

ಹಂತ 7: ಯಾವ ಪರದೆ, ಯಾವ ಭಾಷೆ

ಅವಳು ಫೋನಿನಲ್ಲಿ ನೋಡುತ್ತಾಳೆ ಅಂತ ಗೊತ್ತಾದ ಮೇಲೆ ಕ್ಯಾಮೆರಾ ಕೆಲಸವೂ ಬದಲಾಗಬೇಕು. ಪೂರ್ತಿ ಕತ್ತಲೆಯ ದೃಶ್ಯ ಎಡಿಟಿಂಗ್ ರೂಮಿನ ಮಾನಿಟರಿನಲ್ಲಿ ಚೆನ್ನಾಗಿ ಕಾಣುತ್ತದೆ. ಬೆಳಕಿರುವ ಜಾಗದಲ್ಲಿ, ಫೋನಿನಲ್ಲಿ ಬರೀ ಕಪ್ಪು. ಚೀಟಿಯ ಅಕ್ಷರ ಸಣ್ಣ ಪರದೆಯಲ್ಲೂ ಓದಲು ಬರಬೇಕು. ತೀರಾ ಕೆಳಸ್ತರದ ಗುಡುಗಿನಂಥ ಶಬ್ದ ಫೋನಿನ ಸ್ಪೀಕರಿನಲ್ಲಿ ಕೇಳಿಸುವುದೇ ಇಲ್ಲ. ಆದರೆ ಇಯರ್‌ಫೋನಿನಲ್ಲಿ ಎಡಗಿವಿಯ ಹಿಂದೆ ಚಿಲಕ ಅಲುಗಿದ ಸಣ್ಣ ಶಬ್ದ ಬೆನ್ನಲ್ಲಿ ಚಳಿ ಹುಟ್ಟಿಸುತ್ತದೆ. ಅದಕ್ಕೆ ಹಣ, ಸಮಯ ಹಾಕಿ.

ಚಿತ್ರೋತ್ಸವದ ಪ್ರೇಕ್ಷಕರು ಬೇರೆ. ಬೆಂಗಳೂರು ಅಂತರರಾಷ್ಟ್ರೀಯ ಕಿರುಚಿತ್ರೋತ್ಸವ, ಬನಶಂಕರಿಯ ಸುಚಿತ್ರಾದಂಥ ಫಿಲಂ ಸೊಸೈಟಿಗಳಲ್ಲಿ ಕೂರುವವರು ನಿಧಾನವನ್ನು, ಮೌನವನ್ನು ತಾಳ್ಮೆಯಿಂದ ನೋಡುತ್ತಾರೆ. ಅವರನ್ನು ಎರಡನೇ ಸಾಲಿಗೆ ಸೇರಿಸಿಕೊಳ್ಳಬಹುದು. ಹಾಗಿದ್ದರೆ ಯೂಟ್ಯೂಬಿಗೆ ಹಾಕುವ ಮೊದಲೇ ನಿಯಮ ಓದಿ. ಆಗಲೇ ಆನ್‌ಲೈನಿನಲ್ಲಿ ಬಂದ ಸಿನಿಮಾವನ್ನು ಕೆಲವು ಉತ್ಸವಗಳು ತೆಗೆದುಕೊಳ್ಳುವುದಿಲ್ಲ.

ಭಾಷೆಗೆ ಬಂದರೆ, 2011ರ ಜನಗಣತಿಯ ಹೊತ್ತಿಗೇ ಬೆಂಗಳೂರು ನಗರ ಜಿಲ್ಲೆಯಲ್ಲಿ ಕನ್ನಡ ಮಾತೃಭಾಷೆಯವರು ಅರ್ಧಕ್ಕಿಂತ ಕಡಿಮೆ ಇದ್ದರು. ಪಿಜಿಯ ಕಾರಿಡಾರಿನಲ್ಲಿ ಕನ್ನಡ, ತೆಲುಗು, ಹಿಂದಿ, ಮಲಯಾಳಂ ಎಲ್ಲ ಬೆರೆತು ಕೇಳುತ್ತವೆ. ಅದನ್ನು ಹಾಗೇ ಇರಲು ಬಿಡಿ. ನಾಯಕಿಯ ಕನ್ನಡ ಹಾಸನದ್ದೇ ಆಗಿರಲಿ, ಪುಸ್ತಕದ್ದು ಬೇಡ. ಇಂಗ್ಲಿಷ್ ಸಬ್‌ಟೈಟಲ್ ಖಂಡಿತ ಹಾಕಿ. ಆದರೆ ಸಬ್‌ಟೈಟಲ್ ಓದುವವರಿಗೆ ರಹಸ್ಯ ಒಂದು ಸೆಕೆಂಡ್ ಮೊದಲೇ ಗೊತ್ತಾಗಿಬಿಡಬಾರದು. ಥ್ರಿಲ್ಲರಿನಲ್ಲಿ ಆ ಒಂದು ಸೆಕೆಂಡ್ ಮುಖ್ಯ.

ಹಂತ 8: ರಫ್ ಕಟ್ ತೋರಿಸಿ

ರಫ್ ಕಟ್ ಅಂದರೆ ಎಡಿಟಿಂಗಿನ ಮೊದಲ ಕರಡು. ಎಡಿಟಿಂಗ್ ಮುಗಿಯುವ ಮುಂಚೆಯೇ ಅದನ್ನು ಮೊದಲ ಸಾಲಿನ ಎಂಟು ಹತ್ತು ಜನಕ್ಕೆ ತೋರಿಸಿ. ತಂಡದ ಪರಿಚಯದವರು ಬೇಡ. ಕಥೆ ಏನು ಅಂತ ಮುಂಚೆ ಹೇಳಬೇಡಿ, 'ಸೌಂಡ್ ಇನ್ನೂ ಆಗಿಲ್ಲ' ಅಂತ ಕ್ಷಮೆಯನ್ನೂ ಕೇಳಬೇಡಿ. ನೀವು ಪರದೆ ನೋಡುವುದು ಬಿಟ್ಟು ಅವರ ಮುಖ ನೋಡಿ. ಯಾರು, ಯಾವ ನಿಮಿಷದಲ್ಲಿ ಅಲುಗಾಡಿದರು, ಫೋನ್ ನೋಡಿದರು, ಪಕ್ಕದವರ ಕೈ ಹಿಡಿದರು ಅಂತ ಗುರುತು ಹಾಕಿಕೊಳ್ಳಿ.

4ನೇ ನಿಮಿಷದಲ್ಲಿ ಒಮ್ಮೆ, 8ನೇ ನಿಮಿಷದಲ್ಲಿ ಒಮ್ಮೆ ನಿಲ್ಲಿಸಿ, 'ಯಾರ ಮೇಲೆ ಅನುಮಾನ?' ಅಂತ ಚೀಟಿಯಲ್ಲಿ ಬರೆಸಿಕೊಳ್ಳಿ. ಬಾಯಿಬಿಟ್ಟು ಹೇಳಿಸಬೇಡಿ, ಮೊದಲು ಹೇಳಿದವರ ಮಾತಿಗೆ ಉಳಿದವರು ತಲೆಯಾಡಿಸುತ್ತಾರೆ. 4ನೇ ನಿಮಿಷಕ್ಕೇ ಎಲ್ಲರೂ ಪಿಜಿ ಓನರ್ ಅಂತ ಬರೆದು, ಅದೇ ನಿಜವೂ ಆಗಿದ್ದರೆ ಕಥೆ ಬೇಗ ಬಿಚ್ಚಿಕೊಂಡಿದೆ. ಮುಗಿದ ಮೇಲೂ ಯಾರಿಗೂ ತಿಳಿಯದಿದ್ದರೆ ಸುಳಿವು ಕಣ್ಣಿಗೆ ಬಿದ್ದಿಲ್ಲ. ಬೇರೆ ಬೇರೆ ಹೆಸರುಗಳಿದ್ದರೆ ಆತಂಕ ಕೆಲಸ ಮಾಡುತ್ತಿದೆ.

'ಹಾಡು ಇದ್ದಿದ್ದರೆ ಚೆನ್ನಾಗಿತ್ತು' ಥರದ ಸಲಹೆಗಳನ್ನು ಕೇಳಿ ಬಿಟ್ಟುಬಿಡಿ. 'ಪಿಜಿಯಲ್ಲಿ ಹೀಗೆ ಆಗಲ್ಲ, ರಾತ್ರಿ ಹತ್ತಕ್ಕೇ ಗೇಟ್ ಹಾಕ್ತಾರೆ' ಅಂದರೆ ಮಾತ್ರ ಅಲ್ಲೇ ಕೂತು ಪೂರ್ತಿ ಕೇಳಿಸಿಕೊಳ್ಳಿ. ಆ ಗೇಟು ಹಾಕಿದ ಮೇಲೆ ಕೊನೇ ಮೆಟ್ರೋದಲ್ಲಿ ಬಂದವಳು ಒಳಗೆ ಬಂದಿದ್ದು ಹೇಗೆ? ಮೊದಲ ಸಾಲಿನವರು ಇಂಥ ತಪ್ಪನ್ನು ಕ್ಷಮಿಸುವುದಿಲ್ಲ.

ಬೇರೆ ದಿನ ಎರಡನೇ ಸಾಲಿನವರಿಗೂ ತೋರಿಸಿ. ಅವರೇ ಜಾಸ್ತಿ ಹೆದರಿದರೆ, ಹುಡುಗಿಯರು ತಣ್ಣಗೆ ಕೂತಿದ್ದರೆ, ಬಹುಶಃ ನೀವು ಮಾಡಿರುವುದು ಅಪ್ಪ ಅಮ್ಮಂದಿರ ಥ್ರಿಲ್ಲರ್. ಅದೂ ಒಳ್ಳೆಯ ಸಿನಿಮಾನೇ. ಆಗ ಪ್ರಸ್ತಾವನೆಯಲ್ಲಿ ಸಾಲುಗಳನ್ನು ಅದಲು ಬದಲು ಮಾಡಿ, ಕಾರಣ ಬರೆಯಿರಿ. ಮುಚ್ಚಿಡುವ ಅಗತ್ಯವಿಲ್ಲ.

ಹಂತ 9: ಬಿಡುಗಡೆಯಾದ ಮೇಲೆ

ಯೂಟ್ಯೂಬ್ ಸ್ಟುಡಿಯೋದಲ್ಲಿ ಜನ ಎಲ್ಲಿಯವರೆಗೆ ನೋಡಿದರು ಅನ್ನುವ ರೇಖೆ ಸಿಗುತ್ತದೆ. ವ್ಯೂ ಎಷ್ಟಾಯಿತು ಅನ್ನುವುದಕ್ಕಿಂತ ಇದನ್ನು ನೋಡಿ. ಶುರುವಿನಲ್ಲಿ ಕೆಲವರು ಬಿಟ್ಟುಹೋಗುವುದು ಮಾಮೂಲು. ಮಧ್ಯದಲ್ಲಿ ರೇಖೆ ಥಟ್ಟನೆ ಇಳಿದ ಜಾಗ, ಹಿಂದಕ್ಕೆ ಎಳೆದು ಮತ್ತೆ ನೋಡಿದ್ದರಿಂದ ಏರಿದ ಜಾಗ, ಎರಡನ್ನೂ ರಫ್ ಕಟ್ ದಿನದ ಟಿಪ್ಪಣಿಯ ಪಕ್ಕದಲ್ಲಿಡಿ. ವಯಸ್ಸು, ಲಿಂಗದ ವಿವರ ಸಾಕಷ್ಟು ವ್ಯೂ ಬಂದ ಮೇಲೆ ಮಾತ್ರ ಕಾಣುತ್ತದೆ.

ವರದಿಗೆ ಒಂದೇ ಪುಟ ಸಾಕು. ಮೇಲೆ ಭಯದ ಸಾಲು, ಅದರ ಕೆಳಗೆ 5ನೇ ಹಂತದ ವ್ಯಕ್ತಿಚಿತ್ರ, ಆಮೇಲೆ ಪ್ರೇಕ್ಷಕರ ಮಾತಿನಿಂದ ಸ್ಕ್ರಿಪ್ಟಿನಲ್ಲಿ, ಎಡಿಟಿಂಗಿನಲ್ಲಿ ಏನೇನು ಬದಲಾಯಿತು ಅನ್ನುವ ಪಟ್ಟಿ. ಮೆಟ್ರೋ ದೃಶ್ಯ ಹೋಯಿತು, ಬಕೆಟ್ ಬಂತು, ಗೇಟಿನ ಸಮಯ ಸರಿಯಾಯಿತು. ಈ ಪಟ್ಟಿ ಖಾಲಿ ಇದ್ದರೆ ಹಂತ 4ಕ್ಕೆ ವಾಪಸ್ ಹೋಗಿ.